ಯಂತ್ರ ಕಲಿಯಬೇಕೋ, ಮನುಷ್ಯ ಕಲಿಯಬೇಕೋ?

‘ನನಗೆ ಇದೆಲ್ಲ ತಿಳಿಯೋದಿಲ್ಲ, ನೀನೇ ನೋಡಿಕೊಡಪ್ಪ.’ ಮೊಬೈಲನ್ನು ಮೊಮ್ಮಗನ ಕೈಗೋ, ಬ್ಯಾಂಕಿನ ಗುಮಾಸ್ತನ ಕೈಗೋ, ನ್ಯಾಯಬೆಲೆ ಅಂಗಡಿಯ ಹುಡುಗನ ಕೈಗೋ ಒಪ್ಪಿಸುತ್ತ ನಮ್ಮ ಹಿರಿಯರು ಆಡುವ ಮಾತಿದು. ಅದರಲ್ಲಿ ಸಂಕೋಚವಿದೆ. ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಳ್ಳುವ ವಿನಯವೂ ಇದೆ. ಜೀವಮಾನವಿಡೀ ಹೊಲ ಉತ್ತು, ಮಳೆ ನಕ್ಷತ್ರಗಳ ಲೆಕ್ಕವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡವರು, ಸಂಘದ ಸಾಲ-ಬಡ್ಡಿಯ ವ್ಯವಹಾರವನ್ನು ಒಂದು ರೂಪಾಯಿಯೂ ತಪ್ಪದಂತೆ ಬಾಯಿಲೆಕ್ಕದಲ್ಲೇ ನಡೆಸಿದವರು ಅಂಗೈಯಗಲದ ಗಾಜಿನ ಮುಂದೆ ಮಾತ್ರ ದಡ್ಡರಾಗಿಬಿಡುತ್ತಾರೆ. ಇದು ಹೇಗೆ ಸಾಧ್ಯ? ಅವರ ಬುದ್ಧಿ ಅಲ್ಲಿಗೆ ಬಂದಾಕ್ಷಣ ಕೈಕೊಡುತ್ತದೆಯೇ ಅಥವಾ ಆ ಗಾಜಿನ ಹಿಂದೆ ಕುಳಿತು ಯೋಜನೆ ರೂಪಿಸಿದವರು ಇವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವೇ?

ಈ ಪ್ರಶ್ನೆಯನ್ನೇ ತನ್ನ ಮೂಲಮಂತ್ರವಾಗಿ ಇರಿಸಿಕೊಂಡ ಒಂದು ಶಾಸ್ತ್ರವಿದೆ. ಅದನ್ನು ಮಾನವ-ಗಣಕ ಸಂವಹನ ಎಂದು ಕರೆಯಬಹುದು. ಗಣಕಯಂತ್ರ ಎಷ್ಟು ವೇಗವಾಗಿ ಲೆಕ್ಕ ಮಾಡುತ್ತದೆ ಎಂಬುದು ಅದರ ಕಾಳಜಿಯಲ್ಲ. ಮನುಷ್ಯ ಆ ಯಂತ್ರದೊಡನೆ ಎಷ್ಟು ಸಲೀಸಾಗಿ ವ್ಯವಹರಿಸಬಲ್ಲ ಎಂಬುದೇ ಅದರ ಅಧ್ಯಯನದ ವಸ್ತು. ಹತ್ತು ಜನ ಒಂದೇ ಜಾಗದಲ್ಲಿ ಎಡವಿದರೆ ಕಾಲನ್ನು ದೂರಬಾರದು, ಮೆಟ್ಟಿಲನ್ನು ಪರೀಕ್ಷಿಸಬೇಕು ಎಂಬುದು ಅದರ ನಿಲುವು. ಈ ಶಾಸ್ತ್ರವನ್ನು ಶ್ರೀಮಂತ ದೇಶಗಳ ಪ್ರಯೋಗಾಲಯಗಳಿಂದ ಬಡವರ ಬೀದಿಗೆ ಕರೆತಂದ ಕೆಲವೇ ವಿಜ್ಞಾನಿಗಳಲ್ಲಿ ಗ್ಯಾರಿ ಮಾರ್ಸ್‌ಡೆನ್ ಒಬ್ಬರು. ಉತ್ತರ ಐರ್ಲೆಂಡಿನಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಬದುಕು ಕಟ್ಟಿಕೊಂಡ ಅವರು 2013ರ ಡಿಸೆಂಬರಿನಲ್ಲಿ ನಡುವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡರು. ಅವರ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಗಳು ಇಂದು ನಮ್ಮ ಪ್ರತಿ ಗ್ರಾಮ ಪಂಚಾಯಿತಿಯ ಮುಂದೆಯೂ ಸಾಲುಗಟ್ಟಿ ನಿಂತಿವೆ.

ಪಟ್ಟಿಯೊಳಗಿನ ಪಟ್ಟಿ

ಮಾರ್ಸ್‌ಡೆನ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಅನಂತರ ಲಂಡನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಅದು ತೊಂಬತ್ತರ ದಶಕದ ಕೊನೆ. ಮೊಬೈಲ್ ಫೋನು ಶ್ರೀಮಂತರ ಜೇಬಿನಿಂದ ಸಾಮಾನ್ಯರ ಕೈಗೆ ಇಳಿಯುತ್ತಿದ್ದ ಕಾಲ. ಸಣ್ಣ ಪರದೆಯ ಉಪಕರಣಗಳ ಬಳಕೆಯನ್ನೇ ಕುರಿತು ವಿದ್ವಾಂಸರು ಮೊದಲ ಬಾರಿಗೆ ಪ್ರತ್ಯೇಕ ಸಭೆ ಸೇರಿದ್ದು 1998ರಲ್ಲಿ, ಗ್ಲಾಸ್ಗೋ ನಗರದಲ್ಲಿ. ಅಂದರೆ ಈ ಶಾಸ್ತ್ರಶಾಖೆ ಕಣ್ಣು ಬಿಡುತ್ತಿದ್ದ ಹೊತ್ತಿಗೆ ಮಾರ್ಸ್‌ಡೆನ್ ಅದರ ತೊಟ್ಟಿಲಿನ ಬಳಿಯಲ್ಲೇ ಇದ್ದರು.

ಆಗಿನ ನೋಕಿಯಾ ಫೋನುಗಳನ್ನು ಬಳಸಿದವರಿಗೆ ನೆನಪಿರಬಹುದು. ಒಂದು ಸೌಲಭ್ಯ ಬೇಕೆಂದರೆ ಮೊದಲು ಪಟ್ಟಿಯನ್ನು ತೆರೆಯಬೇಕು. ಅದರೊಳಗೆ ಇನ್ನೊಂದು ಪಟ್ಟಿ, ಅದರೊಳಗೆ ಮತ್ತೊಂದು. ಬೇಕಾದದ್ದು ಯಾವ ಪಟ್ಟಿಯ ಹೊಟ್ಟೆಯಲ್ಲಿದೆ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಸಿಗುತ್ತಿತ್ತು. ಗೊತ್ತಿಲ್ಲದವರು ಗುಂಡಿಗಳನ್ನು ಒತ್ತುತ್ತ ಒತ್ತುತ್ತ, ದಾರಿ ತಪ್ಪಿದ ದನದ ಹಾಗೆ ಹೊರಟಲ್ಲಿಗೇ ಮರಳುತ್ತಿದ್ದರು. ಹೆರಾಲ್ಡ್ ಥಿಂಬಲ್‌ಬಿ, ಮ್ಯಾಟ್ ಜೋನ್ಸ್ ಮೊದಲಾದ ಸಹೋದ್ಯೋಗಿಗಳೊಡನೆ ಮಾರ್ಸ್‌ಡೆನ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ದತ್ತಾಂಶ ರಾಶಿಯಲ್ಲಿ ಒಂದು ನಿರ್ದಿಷ್ಟ ಮಾಹಿತಿಯನ್ನು ಬೇಗ ಹುಡುಕಲು ಗಣಕವಿಜ್ಞಾನಿಗಳು ಬಹು ಹಿಂದೆಯೇ ಉತ್ತಮ ರಚನೆಗಳನ್ನು ರೂಪಿಸಿದ್ದರು. ಯಂತ್ರ ತನ್ನ ಒಳಗೆ ಬಳಸುವ ಆ ಜಾಣತನವನ್ನು ಹೊರಗೆ ನಿಂತ ಮನುಷ್ಯನಿಗೂ ಏಕೆ ಕೊಡಬಾರದು ಎಂಬುದು ಅವರ ಪ್ರಶ್ನೆ.

ಅವರು ಸೂಚಿಸಿದ ಉಪಾಯ ಸರಳವಾಗಿತ್ತು. ಬೇಕಾದ ಸೌಲಭ್ಯದ ಹೆಸರಿನ ಅಕ್ಷರಗಳನ್ನು ಅಂಕಿಗಳ ಗುಂಡಿಗಳ ಮೇಲೆಯೇ ಒತ್ತುತ್ತ ಹೋದರಾಯಿತು. ಒಂದೊಂದು ಗುಂಡಿ ಒತ್ತಿದಂತೆಯೂ ಪಟ್ಟಿ ಕುಗ್ಗುತ್ತದೆ, ಎರಡು ಮೂರು ಒತ್ತುಗಳಲ್ಲಿ ಬೇಕಾದದ್ದು ಕಣ್ಣೆದುರು ನಿಲ್ಲುತ್ತದೆ. ಆಗ ಜನಪ್ರಿಯವಾಗಿದ್ದ ನೋಕಿಯಾ 5110 ಮಾದರಿಯ ಪಟ್ಟಿಗಳೊಡನೆ ಹೋಲಿಸಿ, ತಮ್ಮ ವಿಧಾನದಲ್ಲಿ ಗುಂಡಿ ಒತ್ತುವ ಶ್ರಮ ಗಣನೀಯವಾಗಿ ತಗ್ಗುವುದನ್ನು ಅವರು ತೋರಿಸಿದರು. ಇಂದು ಮೊಬೈಲಿನಲ್ಲಿ ಹೆಸರಿನ ಎರಡಕ್ಷರ ಒತ್ತಿದೊಡನೆ ಬೇಕಾದದ್ದು ಪರದೆಗೆ ಬರುವುದು ನಮಗೆ ಸಹಜವಾಗಿ ತೋರುತ್ತದೆ. ಸಹಜವೆನಿಸುವ ಪ್ರತಿಯೊಂದರ ಹಿಂದೆಯೂ ಯಾರೋ ಒಬ್ಬರು ಅಸಹಜವನ್ನು ಸಹಿಸಿಕೊಳ್ಳಲು ನಿರಾಕರಿಸಿದ ಕತೆಯಿರುತ್ತದೆ.

ಬೇರು ಮೇಲೆ, ಕೊಂಬೆ ಕೆಳಗೆ

1999ರಲ್ಲಿ ಮಾರ್ಸ್‌ಡೆನ್ ಕೇಪ್‌ಟೌನ್ ವಿಶ್ವವಿದ್ಯಾಲಯಕ್ಕೆ ಹೋದರು. ವರ್ಣಭೇದ ಆಳ್ವಿಕೆ ಕೊನೆಗೊಂಡು ಆಗಿನ್ನೂ ಐದು ವರ್ಷ. ಶತಮಾನಗಳಿಂದ ಬಾಗಿಲಾಚೆ ನಿಲ್ಲಿಸಲ್ಪಟ್ಟಿದ್ದ ಸಮುದಾಯಗಳ ಮಕ್ಕಳು ದೊಡ್ಡ ವಿಶ್ವವಿದ್ಯಾಲಯಗಳ ಮೆಟ್ಟಿಲು ಹತ್ತತೊಡಗಿದ್ದರು. ಅವರಲ್ಲಿ ಅನೇಕರು ಗಣಕದ ಮುಂದೆ ಕುಳಿತದ್ದೇ ಅಲ್ಲಿಗೆ ಬಂದ ಮೇಲೆ. ಯುರೋಪಿನಲ್ಲಿ ಕಲಿತು ಬಂದ ಶಾಸ್ತ್ರ ಇಲ್ಲಿ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರೀಕ್ಷಿಸುವ ಪ್ರಸಂಗ ಹೀಗೆ ತಾನಾಗಿ ಒದಗಿತು.

ಮೇರಿಯನ್ ವಾಲ್ಟನ್ ಮೊದಲಾದವರೊಡನೆ ಅವರು ನಡೆಸಿ 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ದೃಷ್ಟಿಯಿಂದ ಕಣ್ತೆರೆಸುವಂಥದ್ದು. ಜಾಲತಾಣಗಳ ವಿನ್ಯಾಸಕಾರರು ಮಾಹಿತಿಯ ಅಂತಸ್ತುಗಳನ್ನು ತೋರಿಸಲು ಮರದ ಆಕೃತಿಯ ನಕ್ಷೆಯನ್ನು ಬಳಸುತ್ತಾರೆ. ಮೇಲೆ ಒಂದು ಬೇರು, ಕೆಳಗೆ ಕವಲೊಡೆಯುವ ಕೊಂಬೆಗಳು. ಇದು ಲೋಕದ ಯಾರಿಗಾದರೂ ನೋಡಿದೊಡನೆ ಅರ್ಥವಾಗುತ್ತದೆಂದು ಅವರು ನಂಬಿದ್ದರು. ಆದರೆ ದಕ್ಷಿಣ ಆಫ್ರಿಕಾದ ವಿದ್ಯಾರ್ಥಿಗಳಲ್ಲಿ, ಅಂಥ ನಕ್ಷೆಗಳ ಪರಿಚಯವಿಲ್ಲದೆ ಬೆಳೆದವರಿಗೆ ಅದು ಹಾಗೆ ಅರ್ಥವಾಗಲಿಲ್ಲ. ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಚಿತ್ರವನ್ನು ಎಲ್ಲರೂ ಓದಬಲ್ಲರು ಎಂಬ ಗ್ರಹಿಕೆಯೇ ಅಲ್ಲಿ ಬಿರುಕು ಬಿಟ್ಟಿತು. ಚಿತ್ರವನ್ನು ಓದುವುದೂ ಅಕ್ಷರವನ್ನು ಓದಿದಂತೆಯೇ ಕಲಿತು ಬರುವ ವಿದ್ಯೆ.

ನಮಗೆ ‘ವಂಶವೃಕ್ಷ’ವೆಂಬ ಮಾತು ಗೊತ್ತಿದೆ. ಹಾಗಾಗಿ ಮರ ಮತ್ತು ಕವಲುಗಳ ಹೋಲಿಕೆ ನಮಗೆ ಕಷ್ಟವೆನಿಸದು. ಆದರೆ ಗಣಕದ ಪರದೆಯನ್ನೇ ನೋಡಿ. ಅಲ್ಲೊಂದು ಮೇಜು, ಮೇಜಿನ ಮೇಲೆ ಕಡತ, ಕಡತದೊಳಗೆ ಕಾಗದ, ಪಕ್ಕದಲ್ಲಿ ಕಸದ ಬುಟ್ಟಿ. 1981ರಲ್ಲಿ ಜೆರಾಕ್ಸ್ ಕಂಪನಿ ‘ಸ್ಟಾರ್’ ಎಂಬ ಗಣಕದಲ್ಲಿ ಈ ಕಲ್ಪನೆಯನ್ನು ಮಾರುಕಟ್ಟೆಗೆ ತಂದಿತು. 1984ರ ಆ್ಯಪಲ್ ಮ್ಯಾಕಿಂಟಾಷ್ ಅದನ್ನು ಜನಪ್ರಿಯಗೊಳಿಸಿತು. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ಅಮೆರಿಕನ್ನನಿಗೆ ಅದು ಪರಿಚಿತ ಲೋಕ. ಆದರೆ ಬದುಕಿನಲ್ಲಿ ಎಂದೂ ಮೇಜಿನ ಮುಂದೆ ಕೂರದ, ಕಡತವನ್ನೇ ಕಾಣದ ಹೆಣ್ಣುಮಗಳಿಗೆ? ಅವಳ ಲೋಕದಲ್ಲಿ ವಸ್ತುಗಳು ಗೂಡಿನಲ್ಲಿ, ಗಂಟಿನಲ್ಲಿ, ಮಡಕೆಯಲ್ಲಿ, ಸೆರಗಿನ ತುದಿಯಲ್ಲಿ ಇರುತ್ತವೆ. ಅವಳಿಗೆ ಎರಡು ಹೊರೆ. ಮೊದಲು ಕಚೇರಿಯನ್ನು ಕಲಿಯಬೇಕು, ಆಮೇಲೆ ಗಣಕವನ್ನು. ಎರಡನೆಯ ಹೊರೆ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಮೊದಲನೆಯದು ಬೀಳುವುದಿಲ್ಲ.

ಕೈಯಲ್ಲಿರುವುದೇ ಗಣಕ

ಆ ಹೊತ್ತಿನಲ್ಲಿ ಅಭಿವೃದ್ಧಿಯ ಚಿಂತಕರಿಗೆ ಒಂದೇ ಧ್ಯಾನ: ಹಳ್ಳಿಗೊಂದು ಗಣಕ ಕೇಂದ್ರ. ಮಾರ್ಸ್‌ಡೆನ್ ನೋಡಿದ್ದು ಬೇರೆ ಕಡೆಗೆ. ಮೇಜಿನ ಮೇಲಿನ ಗಣಕಕ್ಕೆ ನಿರಂತರ ವಿದ್ಯುತ್ ಬೇಕು, ದೂಳಿಲ್ಲದ ಕೊಠಡಿ ಬೇಕು, ರಿಪೇರಿಯವನು ಬೇಕು. ಮೊಬೈಲಿಗೆ ಅದಾವುದೂ ಬೇಡ. ಆಫ್ರಿಕಾದ ಬಡವರು ಯಾರ ಉಪದೇಶವೂ ಇಲ್ಲದೆ, ಯಾವ ಅನುದಾನವೂ ಇಲ್ಲದೆ ತಮ್ಮ ದುಡ್ಡಿನಿಂದಲೇ ಮೊಬೈಲ್ ಕೊಳ್ಳುತ್ತಿದ್ದರು. ಅವರ ಪಾಲಿಗೆ ಗಣಕವೆಂದರೆ ಅದೇ. ಹಾಗಿದ್ದ ಮೇಲೆ ಬೇರೊಂದನ್ನು ತಂದು ಹೇರುವ ಬದಲು, ಅವರ ಕೈಯಲ್ಲಿ ಈಗಾಗಲೇ ಇರುವುದನ್ನೇ ಗಣಕವಾಗಿ ಬಳಸಲು ಏನು ಮಾಡಬೇಕು ಎಂಬುದು ಅವರ ಸಂಶೋಧನೆಯ ದಿಕ್ಕಾಯಿತು.

ಬಡವರು ಉಪಕರಣವನ್ನು ಬಳಸುವ ರೀತಿಯೇ ಬೇರೆ. ನಮ್ಮಲ್ಲಿ ‘ಮಿಸ್ಡ್ ಕಾಲ್’ ಎಂಬುದು ಒಂದು ಭಾಷೆಯಾಗಿಯೇ ಬೆಳೆದದ್ದು ಎಲ್ಲರಿಗೂ ಗೊತ್ತು. ಒಂದು ರಿಂಗ್ ಎಂದರೆ ‘ಹೊರಟೆ’, ಎರಡು ರಿಂಗ್ ಎಂದರೆ ‘ತಲುಪಿದೆ’. ದಕ್ಷಿಣ ಆಫ್ರಿಕಾದಲ್ಲೂ ಕಾಸಿಲ್ಲದವನು ಕಾಸಿದ್ದವನಿಗೆ ‘ದಯವಿಟ್ಟು ಕರೆ ಮಾಡು’ ಎಂದು ಉಚಿತವಾಗಿ ಕೋರುವ ಸಂದೇಶದ ಸೇವೆ 2001ರಲ್ಲಿ ಬಂದಿತು, ಮನೆಮಾತಾಯಿತು. ಕರೆನ್ಸಿಯ ಒಂದೊಂದು ಪೈಸೆಯನ್ನೂ ಅಳೆದು ಸುರಿಯುವ ಜನಕ್ಕೆ ಅಂತರ್ಜಾಲದಿಂದ ಚಿತ್ರವನ್ನೋ ಧ್ವನಿಯನ್ನೋ ಇಳಿಸಿಕೊಳ್ಳುವುದು ದೂರದ ಮಾತಾಗಿತ್ತು.

ಆಂಡ್ರ್ಯೂ ಮಾಂಡರ್ ಮತ್ತು ರಿಚರ್ಡ್ ಹಾರ್ಪರ್ ಅವರೊಡನೆ ಮಾರ್ಸ್‌ಡೆನ್ ರೂಪಿಸಿ 2008ರಲ್ಲಿ ವಿದ್ವತ್ ಸಭೆಯ ಮುಂದಿಟ್ಟ ‘ಸ್ನ್ಯಾಪ್ ಆ್ಯಂಡ್ ಗ್ರ್ಯಾಬ್’ ಎಂಬ ವ್ಯವಸ್ಥೆ ಈ ಇಕ್ಕಟ್ಟಿಗೆ ಕೊಟ್ಟ ಉತ್ತರ. ಜನ ಸೇರುವ ಜಾಗದಲ್ಲಿ ಒಂದು ದೊಡ್ಡ ಪರದೆ. ಅದರ ಮೇಲೆ ಒಂದೊಂದು ವಿಷಯಕ್ಕೂ ಒಂದೊಂದು ಚಿತ್ರ. ಬೇಕಾದ ಚಿತ್ರವನ್ನು ತಮ್ಮ ಕ್ಯಾಮೆರಾ ಫೋನಿನಲ್ಲಿ ಕ್ಲಿಕ್ಕಿಸಿ, ಆ ಫೋಟೋವನ್ನೇ ಬ್ಲೂಟೂತ್ ಮೂಲಕ ಪರದೆಗೆ ಕಳಿಸಬೇಕು. ಪರದೆಯ ಹಿಂದಿನ ಗಣಕ ಫೋಟೋವನ್ನು ಗುರುತಿಸಿ, ಅದಕ್ಕೆ ಸಂಬಂಧಿಸಿದ ಧ್ವನಿಯನ್ನೋ ಚಿತ್ರವನ್ನೋ ಬರಹವನ್ನೋ ಮರಳಿ ಅದೇ ಫೋನಿಗೆ ಕಳಿಸುತ್ತದೆ. ಫೋನಿಗೆ ಹೊಸ ತಂತ್ರಾಂಶ ಹಾಕಿಕೊಳ್ಳಬೇಕಿಲ್ಲ. ಒಂದು ಪೈಸೆಯ ಕರೆನ್ಸಿಯೂ ಖರ್ಚಾಗುವುದಿಲ್ಲ. ಓದು ಬರಹದ ಅಗತ್ಯವೂ ಅಷ್ಟಾಗಿಲ್ಲ. ಬ್ಲೂಟೂತನ್ನಾಗಲಿ, ಕ್ಯಾಮೆರಾವನ್ನಾಗಲಿ ಅವರು ಹೊಸದಾಗಿ ಕಂಡುಹಿಡಿಯಲಿಲ್ಲ. ಬಡವನ ಜೇಬನ್ನು ಅರಿತು, ಅಲ್ಲಿರುವುದರಲ್ಲೇ ದಾರಿ ಹುಡುಕಿದರು ಅಷ್ಟೆ.

ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಮಾಂಡರ್ ಮತ್ತು ಮುನೀರ್ ಪಾರ್ಕರ್ ಅವರೊಡನೆ ಸೇರಿ ಮಾರ್ಸ್‌ಡೆನ್ ಬರೆದ ಪ್ರಬಂಧದ ಶೀರ್ಷಿಕೆ ಮಾರ್ಮಿಕವಾಗಿದೆ: ‘ಜನ ಜನರೇ, ಆದರೆ ತಂತ್ರಜ್ಞಾನ ತಂತ್ರಜ್ಞಾನವಲ್ಲ’. ಎಲ್ಲಿ ಹೋದರೂ ಮನುಷ್ಯರ ಆಸೆ, ಅಂಜಿಕೆ, ಮಕ್ಕಳ ಮೇಲಿನ ಮಮತೆ ಒಂದೇ. ಆದರೆ ಅದೇ ಉಪಕರಣ ಒಂದೂರಿನಲ್ಲಿ ಒಬ್ಬರ ಖಾಸಗಿ ವಸ್ತು, ಮತ್ತೊಂದೂರಿನಲ್ಲಿ ಇಡೀ ಕುಟುಂಬದ ಆಸ್ತಿ. ಒಂದೂರಿನಲ್ಲಿ ಸದಾ ಚಾರ್ಜ್ ಆಗಿರುವಂಥದ್ದು, ಮತ್ತೊಂದೂರಿನಲ್ಲಿ ಕರೆಂಟು ಬಂದಾಗ ಮಾತ್ರ ಜೀವ ತಳೆಯುವಂಥದ್ದು. ಆದ್ದರಿಂದ ಒಂದು ಕಡೆ ಯಶಸ್ವಿಯಾದ ವಿನ್ಯಾಸ ಇನ್ನೊಂದು ಕಡೆಯೂ ಹಾಗೆಯೇ ಯಶಸ್ವಿಯಾದೀತೆಂದು ನಂಬುವುದು ಭ್ರಮೆ.

ಬೂದಿಕೋಟೆಯ ಕತೆಗಳು

ಈ ಚಿಂತನೆಯ ಒಂದು ಕವಲು ನಮ್ಮ ನಾಡಿಗೂ ಹರಿದು ಬಂದಿತ್ತು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಸಮುದಾಯ ಮಾಧ್ಯಮ ಕೇಂದ್ರವನ್ನು ಆರಂಭಿಸಿದ್ದವು. ಸ್ವಯಂಸೇವಾ ಸಂಸ್ಥೆಗಳು ಬಾನುಲಿ ಕೇಂದ್ರ ನಡೆಸಲು ಆಗ ಅನುಮತಿಯಿರಲಿಲ್ಲ. ಅದು ಸಿಕ್ಕಿದ್ದು 2006ರ ನೀತಿಯಿಂದ. ಅಲ್ಲಿಯತನಕ ಊರಿನವರು ತಮ್ಮದೇ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ, ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸುತ್ತಿದ್ದರು. ಬಾಯಿಮಾತಿಗೆ ಬೆಲೆಯಿದ್ದ, ತಮ್ಮ ಮಾತಿನ ಮೇಲೆ ತಮಗೇ ವಿಶ್ವಾಸ ಬಂದಿದ್ದ ಊರು ಅದು.

ಅಲ್ಲಿಗೆ ‘ಸ್ಟೋರಿಬ್ಯಾಂಕ್’ ಎಂಬ ಯೋಜನೆಯೊಡನೆ ಬಂದವರು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಡೇವಿಡ್ ಫ್ರೋಲಿಕ್ ಮತ್ತು ವೇಲ್ಸಿನ ಸ್ವಾನ್ಸಿ ವಿಶ್ವವಿದ್ಯಾಲಯದ ಮ್ಯಾಟ್ ಜೋನ್ಸ್ ಅವರ ತಂಡಗಳು. ಈ ಜೋನ್ಸ್ ಮಾರ್ಸ್‌ಡೆನ್ ಅವರ ಹಳೆಯ ಗೆಳೆಯ. ಇಬ್ಬರೂ ಕೂಡಿ 2006ರಲ್ಲಿ ಬರೆದ ಮೊಬೈಲ್ ವಿನ್ಯಾಸದ ಪುಸ್ತಕ ಆ ವಿಷಯದ ಮೊದಲ ಪಠ್ಯಗಳಲ್ಲೊಂದು. ಬೂದಿಕೋಟೆಯಲ್ಲಿ ಮಾಡಿದ್ದಿಷ್ಟು: ಬರಹದ ಹಂಗಿಲ್ಲದಂತೆ ಮಾರ್ಪಡಿಸಿದ 10 ಕ್ಯಾಮೆರಾ ಫೋನುಗಳನ್ನು ಒಂದು ತಿಂಗಳ ಕಾಲ ಊರಿನವರ ಕೈಗೆ ಕೊಟ್ಟರು. ಕೆಲವು ಫೋಟೋಗಳಿಗೆ ತಮ್ಮ ದನಿಯನ್ನು ಜೋಡಿಸಿ ಯಾರು ಬೇಕಾದರೂ ಕತೆ ಕಟ್ಟಬಹುದಾಗಿತ್ತು. ಹಾಗೆ ಕಟ್ಟಿದ ಕತೆಗಳನ್ನು ಊರಿನ ಕೇಂದ್ರದಲ್ಲಿ ಇರಿಸಿದ್ದ ಪರದೆಯಲ್ಲಿ ಎಲ್ಲರೂ ನೋಡಬಹುದಾಗಿತ್ತು, ಕೇಳಬಹುದಾಗಿತ್ತು.

ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದ ಸಂಶೋಧಕರು ಗುರುತಿಸಿದ ಮುಖ್ಯ ಅಂಶಗಳು ಎರಡು. ಊರಿನ ಎಲ್ಲ ಬಗೆಯ ಜನರೂ ಅದನ್ನು ಬಳಸಬಲ್ಲವರಾದರು ಎಂಬುದು ಮೊದಲನೆಯದು. ಅಭಿವೃದ್ಧಿಯ ಮಾಹಿತಿ ಮತ್ತು ಊರಿನ ಸುಖದುಃಖದ ಸಂಗತಿ ಎರಡೂ ಅಲ್ಲಿ ಬೆರೆತುಬಂದವು, ಆ ಬೆರಕೆಯನ್ನೇ ಜನ ಮೆಚ್ಚಿದರು ಎಂಬುದು ಎರಡನೆಯದು. ಬಡವರಿಗೆ ಬೇಕಾದದ್ದು ಪೇಟೆಯ ಧಾರಣೆ ಮತ್ತು ಮಳೆಯ ಮುನ್ಸೂಚನೆ ಮಾತ್ರ ಎಂಬ ಅಧಿಕಾರಿ ಬುದ್ಧಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಹಾಡು, ಹಾಸ್ಯ, ಹಬ್ಬ, ಹಿರಿಯರ ನೆನಪು ಇವೆಲ್ಲ ಹಸಿದವನಿಗೂ ಬೇಕು. ಇದೇ ದಾರಿಯಲ್ಲಿ ಮುಂದೆ ಜೋನ್ಸ್, ಫ್ರೋಲಿಕ್, ಮಾರ್ಸ್‌ಡೆನ್ ಮತ್ತು ಅವರ ಶಿಷ್ಯರು ಕೂಡಿ ‘ಕಾಮ್-ಫೋನ್’ ಎಂಬ ಉಚಿತ ತಂತ್ರಾಂಶವನ್ನು ಆಂಡ್ರಾಯ್ಡ್ ಫೋನುಗಳಿಗಾಗಿ ರೂಪಿಸಿದರು. ಕೋಲಾರದ ಹಳ್ಳಿಯಲ್ಲಿ ಕಲಿತ ಪಾಠ ಹೀಗೆ ಆಫ್ರಿಕಾಕ್ಕೂ ಸಂದಿತು.

ಆಕ್ಷೇಪಗಳು

ಇಂಥ ಸಂಶೋಧನೆಯ ಬಗ್ಗೆ ಎತ್ತಬಹುದಾದ ಆಕ್ಷೇಪಗಳು ಸಣ್ಣವಲ್ಲ. ಒಂದು ಊರು, ಹತ್ತು ಫೋನು, ಒಂದು ತಿಂಗಳು. ಅನುದಾನ ಮುಗಿದೊಡನೆ ಸಂಶೋಧಕರು ವಿಮಾನ ಹತ್ತುತ್ತಾರೆ. ಅವರಿಗೆ ಪ್ರಬಂಧ ದಕ್ಕುತ್ತದೆ, ಊರಿಗೆ ಏನು ದಕ್ಕಿತು? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಪ್ರಯೋಗವೆಂಬುದು ಜನರ ಬದುಕಿನಲ್ಲಿ ಆಸೆಯನ್ನು ಬಿತ್ತುತ್ತದೆ. ಬಿತ್ತಿದವರು ಕೊಯ್ಲಿನ ತನಕ ನಿಲ್ಲದಿದ್ದರೆ ಅದು ವಂಚನೆಯೂ ಆದೀತು. ಮಾರ್ಸ್‌ಡೆನ್ ಹೊರಗಿನಿಂದ ಬಂದು ಹೋಗುವ ತಜ್ಞರಾಗಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಕೇಪ್‌ಟೌನಿಗೆ ಹೋದವರು ಬದುಕಿನ ಕೊನೆಯವರೆಗೆ ಅಲ್ಲೇ ಉಳಿದರು. ಆಫ್ರಿಕಾದ ವಿದ್ಯಾರ್ಥಿಗಳನ್ನೇ ಸಂಶೋಧಕರನ್ನಾಗಿ ಬೆಳೆಸುವ ಕೆಲಸದಲ್ಲಿ ತೊಡಗಿದರು. ಅಮೆರಿಕದಲ್ಲೋ ಯುರೋಪಿನಲ್ಲೋ ನಡೆಯುವುದೇ ವಾಡಿಕೆಯಾಗಿದ್ದ ಈ ಶಾಸ್ತ್ರದ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲೊಂದು 2013ರ ಸೆಪ್ಟೆಂಬರಿನಲ್ಲಿ ಕೇಪ್‌ಟೌನಿನಲ್ಲಿ ಜರುಗಿತು. ಅದರ ಪ್ರಬಂಧಗಳ ಸಂಪಾದಕರಲ್ಲಿ ಅವರೂ ಒಬ್ಬರು. ಅವರು ತೀರಿಕೊಂಡದ್ದು ಅದಾದ ಕೆಲವೇ ತಿಂಗಳಿಗೆ. 2007ರಲ್ಲಿ ಈ ಶಾಸ್ತ್ರದ ಜಾಗತಿಕ ಸಂಘಟನೆ ಅವರಿಗೆ ಸಾಮಾಜಿಕ ಪರಿಣಾಮದ ಪ್ರಶಸ್ತಿಯನ್ನು ನೀಡಿತ್ತು. ಅವರ ಮರಣಾನಂತರ ಅದೇ ಸಂಘಟನೆ, ಸಮ್ಮೇಳನಗಳಿಗೆ ಬರಲು ಹಣವಿಲ್ಲದ ವಿದ್ಯಾರ್ಥಿಗಳ ಪ್ರಯಾಣಕ್ಕೆ ಅವರ ಹೆಸರಿನಲ್ಲೇ ನೆರವು ನೀಡತೊಡಗಿತು. ಇದಕ್ಕಿಂತ ತಕ್ಕ ಸ್ಮಾರಕ ಇರಲಾರದು.

ಎರಡನೆಯ ಆಕ್ಷೇಪ ಮಾರುಕಟ್ಟೆಯ ಕಡೆಯಿಂದ ಬರುತ್ತದೆ. ಬ್ಲೂಟೂತಿನ ಉಪಾಯಗಳೆಲ್ಲ ಈಗ ಯಾರಿಗೆ ಬೇಕು? 2016ರ ನಂತರ ನಮ್ಮ ದೇಶದಲ್ಲಿ ಅಂತರ್ಜಾಲ ಅಗ್ಗವಾಯಿತು. ಸ್ಪರ್ಶಪರದೆಯ ಫೋನು ಮೂಲೆ ಮೂಲೆಗೂ ಮುಟ್ಟಿತು. ಓದು ಬಾರದವರೂ ವಾಟ್ಸ್‌ಆ್ಯಪಿನಲ್ಲಿ ದನಿ ಕಳಿಸುತ್ತಾರೆ, ಯೂಟ್ಯೂಬಿನಲ್ಲಿ ಬೇಕಾದ್ದನ್ನು ಬಾಯಲ್ಲೇ ಕೇಳಿ ಹುಡುಕುತ್ತಾರೆ. ಕೃತಕ ಬುದ್ಧಿಮತ್ತೆ ಮಾತನ್ನೇ ಅರ್ಥ ಮಾಡಿಕೊಳ್ಳತೊಡಗಿದೆ. ಮಾರುಕಟ್ಟೆಯೇ ಸಮಸ್ಯೆಯನ್ನು ಬಗೆಹರಿಸಿತಲ್ಲ ಎನ್ನಬಹುದು.

ಈ ವಾದದಲ್ಲಿ ಅರ್ಧ ಸತ್ಯವಿದೆ. ವಾಟ್ಸ್‌ಆ್ಯಪಿನಲ್ಲಿ ದನಿ ಕಳಿಸುವ ಅದೇ ಅಜ್ಜಿ ಪಿಂಚಣಿಯ ಅರ್ಜಿಯ ಮುಂದೆ ಮತ್ತೆ ಮೂಕಿಯಾಗುತ್ತಾಳೆ. ಮನರಂಜನೆಯ ತಂತ್ರಾಂಶಕ್ಕೆ ಬಳಕೆದಾರರು ಬೇಕು. ಒಬ್ಬಳು ಎಡವಿದರೆ ಕಂಪನಿಗೆ ನಷ್ಟ. ಹಾಗಾಗಿ ಅದು ಅವಳ ಬಳಿಗೆ ಬರುತ್ತದೆ. ಅರ್ಜಿಯ ತಂತ್ರಾಂಶಕ್ಕೆ ಅಂಥ ದರ್ದು ಇಲ್ಲ. ಅವಳು ಎಡವಿದರೆ ನಷ್ಟ ಅವಳದೇ. ವಿನ್ಯಾಸ ಸುಧಾರಿಸುವುದು ತಂತ್ರಜ್ಞಾನ ಮುಂದುವರಿದುದರಿಂದ ಮಾತ್ರ ಅಲ್ಲ. ತಪ್ಪಿನ ಬೆಲೆಯನ್ನು ಯಾರು ತೆರುತ್ತಾರೆ ಎಂಬುದರಿಂದ ಅದು ನಿರ್ಧಾರವಾಗುತ್ತದೆ.

ನಮ್ಮ ಅಂಗಳದಲ್ಲಿ

ಕರ್ನಾಟಕಕ್ಕೆ ಈ ವಿಚಾರದಲ್ಲಿ ಒಳ್ಳೆಯ ಪರಂಪರೆಯೇ ಇದೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿ, ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಆ ಕೇಂದ್ರಗಳಲ್ಲಿದ್ದ ಒಂದು ಸಣ್ಣ ಏರ್ಪಾಡು ಇಲ್ಲಿ ನೆನಪಿಡತಕ್ಕದ್ದು. ಕೌಂಟರಿನ ಸಿಬ್ಬಂದಿಯ ಮುಂದೊಂದು ಪರದೆಯಿದ್ದರೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯೂ ಇತ್ತು. ತನ್ನ ಜಮೀನಿನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ರೈತ ತಾನೇ ನೋಡಬಹುದಾಗಿತ್ತು. ಗುಂಡಿ ಒತ್ತುವ ಕಷ್ಟ ಸಿಬ್ಬಂದಿಗೆ, ನೋಡುವ ಹಕ್ಕು ರೈತನಿಗೆ. ಮಾನವ-ಗಣಕ ಸಂವಹನದ ಪಾಠವೆಂದರೆ ಇದೇ.

ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡದ ಕೀಲಿಮಣೆಯ ವಿನ್ಯಾಸವೂ ಅದೇ ಜಾತಿಯದು. ಕನ್ನಡದ ನೂರಾರು ಗುಣಿತಾಕ್ಷರ, ಒತ್ತಕ್ಷರಗಳಿಗೆ ಬೇರೆ ಬೇರೆ ಗುಂಡಿಗಳನ್ನು ಹುಡುಕುವ ಬದಲು, ವ್ಯಂಜನಕ್ಕೆ ಸ್ವರ ಸೇರಿದರೆ ಅಕ್ಷರವಾಗುತ್ತದೆ ಎಂಬ ಕಾಗುಣಿತದ ತರ್ಕವನ್ನೇ ಅವರು ಕೀಲಿಮಣೆಗೆ ಇಳಿಸಿದರು. ಇಂಗ್ಲಿಷಿಗೆಂದೇ ಮಾಡಿದ 26 ಗುಂಡಿಗಳು ಕನ್ನಡಕ್ಕೂ ಸಾಕಾದವು. ಸರ್ಕಾರ ಅದನ್ನೇ ಪ್ರಮಾಣೀಕರಿಸಿತು. ಕನ್ನಡಿಗನು ಯಂತ್ರಕ್ಕಾಗಿ ತನ್ನ ಲಿಪಿಯನ್ನು ಮುರಿಯಬೇಕಾಗಲಿಲ್ಲ. ಅವನ ಕಾಗುಣಿತವನ್ನು ಯಂತ್ರವೇ ಕಲಿತುಕೊಂಡಿತು.

ಆ ವಿವೇಕ ಈಚಿನ ವರ್ಷಗಳಲ್ಲಿ ಹಿಂದೆ ಸರಿದಂತೆ ಕಾಣುತ್ತದೆ. 2023ರ ಜನವರಿಯಿಂದ ಉದ್ಯೋಗ ಖಾತರಿ ಯೋಜನೆಯ ಕೂಲಿಕಾರರ ಹಾಜರಿಯನ್ನು ಕೇಂದ್ರ ಸರ್ಕಾರ ದೇಶದಾದ್ಯಂತ ಮೊಬೈಲ್ ಆ್ಯಪಿಗೆ ಕಡ್ಡಾಯವಾಗಿ ಒಪ್ಪಿಸಿತು. ಕೆಲಸದ ಜಾಗದಲ್ಲಿ ದಿನಕ್ಕೆರಡು ಬಾರಿ ಫೋಟೋ ತೆಗೆದು ಏರಿಸಬೇಕಿತ್ತು. ಸಿಗ್ನಲ್ ಇಲ್ಲದ ಗುಡ್ಡದಲ್ಲಿ, ಆ್ಯಪ್ ಕೈಕೊಟ್ಟ ದಿನ, ಬೆವರು ಸುರಿಸಿದ ಕೂಲಿಕಾರರ ಹಾಜರಿಯೇ ದಾಖಲಾಗದೆ ಹೋದ ದೂರುಗಳು ಹಲವು ರಾಜ್ಯಗಳಿಂದ ಬಂದವು. ಯಂತ್ರದ ಕಣ್ಣಿಗೆ ಬೀಳದ ದುಡಿಮೆ ದುಡಿಮೆಯೇ ಅಲ್ಲ ಎಂದಾಯಿತು. ಅದೇ ವರ್ಷದ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ‘ಗೃಹಲಕ್ಷ್ಮಿ’ ನೋಂದಣಿ ಆರಂಭವಾದಾಗ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರ, ಕರ್ನಾಟಕ ಒನ್ ಕೇಂದ್ರಗಳ ಮುಂದೆ ಹೆಂಗಸರ ಸಾಲು ಬೆಳೆಯಿತು. ಸರ್ವರ್ ನಿಧಾನವಾದ ದಿನಗಳಲ್ಲಿ ಕೂಲಿ ಬಿಟ್ಟು ಕಾದು ಮರಳಿದವರೂ ಇದ್ದರು. ಆದರೂ ಆ ಕೇಂದ್ರಗಳಲ್ಲಿ ಒಬ್ಬ ಮನುಷ್ಯನಿದ್ದ, ಕೇಳಿದರೆ ಉತ್ತರ ಹೇಳುವ ಬಾಯಿಯಿತ್ತು ಎಂಬುದನ್ನು ಮರೆಯಬಾರದು. ಯಂತ್ರಕ್ಕೂ ಜನಕ್ಕೂ ನಡುವೆ ನಿಲ್ಲುವ ಆ ಮನುಷ್ಯನನ್ನು ಖರ್ಚಿನ ಬಾಬ್ತೆಂದು ಕಿತ್ತೊಗೆಯುವ ಉತ್ಸಾಹವೇ ಅಪಾಯಕಾರಿ.

ಏನು ಮಾಡಬಹುದು? ದೊಡ್ಡ ಆಯೋಗಗಳ ಅಗತ್ಯವಿಲ್ಲ. ಸರ್ಕಾರದ ಯಾವುದೇ ಆ್ಯಪ್ ಕಡ್ಡಾಯವಾಗುವ ಮೊದಲು ಅದನ್ನು ಬಳಸಬೇಕಾದವರ ಕೈಗೇ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುವ ಪದ್ಧತಿ ಬರಬೇಕು. ರಾಯಚೂರಿನ ಕೂಲಿಕಾರ್ತಿ, ಮಲೆನಾಡಿನ ಒಂಟಿ ಮನೆಯ ವೃದ್ಧ, ಬೆಂಗಳೂರಿನ ಪೌರಕಾರ್ಮಿಕರು ಎಲ್ಲೆಲ್ಲಿ ತಡವರಿಸುತ್ತಾರೆ ಎಂಬುದನ್ನು ಬರೆದುಕೊಂಡು, ಅಷ್ಟನ್ನೂ ತಿದ್ದಿದ ಮೇಲೆಯೇ ಅದು ಹೊರಬರಬೇಕು. ಆ್ಯಪಿನ ಕನ್ನಡ ಇಂಗ್ಲಿಷಿನ ಪದಾನುವಾದವಾಗಿರದೆ ಜನರ ಬಾಯಲ್ಲಿರುವ ಕನ್ನಡವಾಗಿರಬೇಕು. ಯಂತ್ರ ಸೋತಾಗ ಹಕ್ಕು ಸೋಲದಂತೆ, ಕಾಗದದ ಮೇಲೋ ಮನುಷ್ಯನ ಮುಂದೆಯೋ ಅದನ್ನು ಸಾಧಿಸಿಕೊಳ್ಳುವ ಪರ್ಯಾಯ ದಾರಿ ಪ್ರತಿ ಯೋಜನೆಯಲ್ಲೂ ಇರಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ವರ್ಷವರ್ಷವೂ ಹೊರಬರುವ ಸಾವಿರಾರು ಗಣಕ ಪದವೀಧರರು ಒಮ್ಮೆಯಾದರೂ ಪಂಚಾಯಿತಿ ಕಚೇರಿಯ ಜಗಲಿಯ ಮೇಲೆ ಒಂದು ದಿನ ಕುಳಿತು ನೋಡಿದರೆ, ಅದು ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಾಗದು.

ಮಾರ್ಸ್‌ಡೆನ್ ಬಿಟ್ಟುಹೋದ ಫೋನುಗಳು, ತಂತ್ರಾಂಶಗಳು ಈಗಾಗಲೇ ಹಳತಾಗಿವೆ. ಈ ಕ್ಷೇತ್ರದ ವಸ್ತುಗಳ ಆಯುಸ್ಸೇ ಅಷ್ಟು. ಹಳತಾಗದೆ ಉಳಿದಿರುವುದು ಅವರ ನೋಟ. ಬಳಸಲಾರದವನನ್ನು ದಡ್ಡನೆಂದು ಕರೆಯುವ ಮೊದಲು, ಬಳಸಲಾಗದ್ದನ್ನು ಮಾಡಿದವರು ಯಾರು ಎಂದು ಕೇಳುವ ನೋಟವದು. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಯಂತ್ರಗಳು ಕಲಿಯುತ್ತಿವೆ ಎಂದು ಎಲ್ಲೆಡೆ ಡಂಗುರ ಸಾರಲಾಗುತ್ತಿದೆ. ಸಂತೋಷ. ಹಾಗಾದರೆ ಅವು ಮೊದಲು ಕಲಿಯಬೇಕಾದದ್ದು, ‘ನನಗೆ ಇದೆಲ್ಲ ತಿಳಿಯೋದಿಲ್ಲ’ ಎನ್ನುವ ಆ ಹಿರಿಯರಿಗೆ ಏನೆಲ್ಲ ತಿಳಿದಿದೆ ಎಂಬುದನ್ನು.